ಸರ್ವರ್ ಜತೆ ಜಗಳವಾಡುವ ಕಾಕಾ

ನಮ್ಮ ಕಾಕಾನಿಗೆ ಕಂಪ್ಯೂಟರ್ ಅರ್ಥವಾಗುವುದಿಲ್ಲ ಎಂದು ಯಾರೂ ಹೇಳಲಾರರು. ಕಂಪ್ಯೂಟರಿಗೆ ಕಾಕಾ ಇನ್ನೂ ಅರ್ಥವಾಗಿಲ್ಲ, ಅಷ್ಟೇ.

ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ, ಜೆರಾಕ್ಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಅವನ ಆಫೀಸು. ಅಂಗಡಿಗಳಿಗೆ ಪ್ರೋಗ್ರಾಮ್ ಬರೆದುಕೊಡುವುದು ಉದ್ಯೋಗ. ಅಂಗಡಿಯ ಕಂಪ್ಯೂಟರಿನಲ್ಲಿರುವ ಪ್ರೋಗ್ರಾಮು ಎಲ್ಲೋ ದೂರದ ಸರ್ವರನ್ನು 'ಗೋದಾಮಿನಲ್ಲಿ ಕೆಂಪು ಟವೆಲ್ ಇದೆಯೇ?' ಎಂದು ಕೇಳಬೇಕು, ಅದು ಉತ್ತರ ಕೊಡಬೇಕು. ಊರವರೆಲ್ಲ ಇಂಥದ್ದನ್ನು ಕುಳಿತಲ್ಲಿಂದಲೇ ಹಾಕಿಕೊಡುತ್ತಾರೆ. ಕಾಕಾ ಮಾತ್ರ ಪೆನ್ ಡ್ರೈವನ್ನು ಎಲೆಅಡಿಕೆ ಚಂಚಿಯಲ್ಲಿಟ್ಟುಕೊಂಡು ಪ್ರತಿ ಅಂಗಡಿಗೂ ತಾನೇ ಹೋಗುತ್ತಾನೆ.

"ಫೋನ್‌ನ್ಯಾಗ ಹೇಳಿದ್ರ ಆಗ್ತದಲ್ಲ ಕಾಕಾ?" ಎಂದು ಒಮ್ಮೆ ಕೇಳಿದೆ.

"ಹೆಣ್ಣು ನೋಡಾಕ ಫೋನ್‌ನ್ಯಾಗ ಹೋಗ್ತಾರೇನವಾ?"

ಈಗ ಹಾಗೂ ನೋಡುತ್ತಾರೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಸರ್ವರ್ ಉತ್ತರ ಕೊಡದಿದ್ದರೆ ಬೇರೆ ಪ್ರೋಗ್ರಾಮುಗಳು ಇಂಗ್ಲಿಷಿನಲ್ಲಿ ಏನೋ ಗೊಣಗಿ ಸುಮ್ಮನಾಗುತ್ತವೆ. ಕಾಕಾನ ಪ್ರೋಗ್ರಾಮು ಹಾಗಲ್ಲ. ಅದು ಶುದ್ಧ ಮನೆಮಾತಿನಲ್ಲಿ, "ಆ ಕಡಿಯವ್ರು ಮಾತಾಡವಲ್ರು. ನೀವು ಚಹಾ ಕುಡೀರಿ, ನಾ ಮತ್ತ ಕೇಳ್ತೀನಿ" ಎಂದು ತೋರಿಸುತ್ತದೆ. ಟವೆಲ್ ಅಂಗಡಿಯ ಶೇಠಜಿ ಆಜ್ಞಾಧಾರಕ ಮನುಷ್ಯ. ಒಂದು ದಿನ ನೆಟ್ ಸರಿಯಿರಲಿಲ್ಲ. ಸಂಜೆ ಕಾಕಾನಿಗೆ ಅವರ ಫೋನು ಬಂತು: "ಏಳು ಚಹಾ ಆದೂರಿ. ಟವೆಲ್ ಎಷ್ಟ ಅವ ಗೊತ್ತಾಗಲಿಲ್ಲ, ಆಸಿಡಿಟಿ ಎಷ್ಟ ಅದ ಗೊತ್ತಾತು."

ಅದೇ ಶೇಠಜಿಯ ಅಂಗಡಿಯಲ್ಲಿ ಇನ್ನೊಂದು ಅನಾಹುತವಾಯಿತು. ಆಫೀಸಿನಲ್ಲಿ ಪರೀಕ್ಷೆ ಮಾಡಲು ಕಾಕಾ ಒಂದು ಸುಳ್ಳು ಸರ್ವರ್ ಇಟ್ಟುಕೊಂಡಿದ್ದ. ಅದರಲ್ಲಿ ಟವೆಲ್‌ಗಳ ಹೆಸರಿನ ಜಾಗದಲ್ಲಿ ನಮ್ಮ ಬಳಗದವರ ಹೆಸರು ತುಂಬಿಸಿದ್ದ. ಹೊಸ ಪ್ರೋಗ್ರಾಮು ಹಾಕುವಾಗ ಸರ್ವರಿನ ವಿಳಾಸ ಬದಲಿಸುವುದನ್ನೇ ಮರೆತ. ಮರುದಿನ ಗಿರಾಕಿಗಳ ಎದುರು ಶೇಠಜಿ ಗುಂಡಿ ಒತ್ತಿದರೆ ಪರದೆಯ ಮೇಲೆ, "ದೊಡ್ಡತ್ತಿ: ಅಗಲ ಜಾಸ್ತಿ, ತೊಳೆದರೆ ಬಣ್ಣ ಬಿಡುತ್ತದೆ." ದೊಡ್ಡತ್ತೆ ಆ ಹೊತ್ತಿಗೆ ಸರಿಯಾಗಿ ಅಲ್ಲೇ ಚಾದರ ಆರಿಸುತ್ತಾ ನಿಂತಿರಬೇಕೆ? ಕಾಕಾ ಮೂರು ತಿಂಗಳು ಅವಳ ಮನೆಯ ಹೋಳಿಗೆ ಕಳೆದುಕೊಂಡ.

ಇಂಥವನ ಬೈಕಿನ ಹಿಂದೆ ಕುಳಿತು ಹೋದ ತಿಂಗಳು ನಾನು ಅಕ್ಕಲಕೋಟೆಗೆ ಹೋದೆ. ಅಲ್ಲಿ ದನಕುರಿಗಳ ಔಷಧಿ ಅಂಗಡಿಯೊಂದಕ್ಕೆ ಪ್ರೋಗ್ರಾಮು ಹಾಕುವುದಿತ್ತು. ಸುತ್ತಲಿನ ಯಾವ ಅಂಗಡಿಯಲ್ಲಿ ಯಾವ ಔಷಧಿ ಇದೆ ಎಂದು ಅದು ಸರ್ವರನ್ನು ಕೇಳಿ ಹೇಳಬೇಕು. ಬಾಗಿಲ ಬಳಿಯ ಬಾಕಿನ ಮೇಲೆ, ಹೆಗಲಿಗೆ ಕಂಬಳಿ ಹಾಕಿಕೊಂಡ ಮುದುಕರೊಬ್ಬರು ಕುಳಿತಿದ್ದರು. ದುಧನಿ ಎಂಬ ಊರಿನ ಕಡೆಯ ಕುರಿಗಾರರು. ಕುರಿಗಳಿಗೆ ಹೊಟ್ಟೆಬೇನೆ. ಡಾಕ್ಟರು ಬರೆದುಕೊಟ್ಟ ಇಂಜೆಕ್ಷನ್ ಈ ಅಂಗಡಿಯಲ್ಲಿ ಮುಗಿದಿತ್ತು.

"ತಡೀರಿ ಯಜಮಾನ್ರ, ಈಗ ಎಲ್ಲಿ ಅದ ಕೇಳೇ ಬಿಡೋಣು" ಎಂದ ಕಾಕಾ.

ಕೇಳಿದ. ಸರ್ವರ್ ಒಳಗೇ ಬಿಟ್ಟುಕೊಳ್ಳಲಿಲ್ಲ. ಹತ್ತು ಸಲ ಕೇಳಿದ. ಆಮೇಲೆ ಸರ್ವರಿನವರಿಗೆ ಫೋನು ಹಚ್ಚಿ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, ಅವರ ಸರ್ವರಿಗೆ ಸೊಕ್ಕು ಬಂದಿದೆ ಎಂದು ಒಂದು ತಾಸು ಜಗಳವಾಡಿದ. ಮುದುಕರು ಒಮ್ಮೆ ಪರದೆಯನ್ನು, ಒಮ್ಮೆ ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದರು.

"ನನಗ ಅಂಕಿ ಅಷ್ಟ ಓದಾಕ ಬರ್ತದ್ರಿ ಸಾಹೇಬ್ರ" ಎಂದರು ಮೆಲ್ಲಗೆ. "ಗ್ವಾಡಿ ಮ್ಯಾಲಿನ ವರ್ಷ ಒಂದ ಅದ, ಪೆಟಗಿ ಒಳಗಿನ ವರ್ಷ ಒಂದ ಅದ. ಖರೇದ್ದು ಯಾವ್ದು?"

ಕಾಕಾ ಫೋನು ಕೆಳಗಿಟ್ಟ. ಕಂಪ್ಯೂಟರಿನೊಳಗಿನ ಸಣ್ಣ ಸೆಲ್ ಸತ್ತು, ಅದರ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ತಾರೀಖು ತಪ್ಪಿದರೆ ಎರಡೂ ಕಡೆಯ ಗುರುತು ತಾಳೆಯಾಗುವುದಿಲ್ಲ. ಮಾತುಕತೆ ಬಾಗಿಲಲ್ಲೇ ನಿಲ್ಲುತ್ತದೆ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನಿಗೆ ಕಾಣದ್ದು ಅಂಕಿಯಷ್ಟೇ ಬರುವವರಿಗೆ ಕಂಡಿತ್ತು. ಕಾಕಾ ಎದ್ದು ಅವರಿಗೆ ಕೈಮುಗಿದ. ಪಕ್ಕದ ಗಡಿಯಾರದ ಅಂಗಡಿಯಿಂದ ಸೆಲ್ ತಂದು ಹಾಕಿ, ತಾರೀಖು ಸರಿಪಡಿಸಿದ. ಉತ್ತರ ಬಂತು: ಸೊಲ್ಲಾಪುರದಲ್ಲಿ ಇಲ್ಲ, ದುಧನಿಯ ಅಂಗಡಿಯಲ್ಲಿ ನಾಲ್ಕು ಬಾಟಲಿ ಇದೆ.

"ಊರ ಬಾಜೂಕ ಇಟಗೊಂಡು ಇಲ್ಲೀತನಕ ಬಂದೆನಲ್ಲೋ ತಂದಿ" ಎಂದು ಮುದುಕರು ಕಂಬಳಿ ಕೊಡವಿ ಎದ್ದರು. "ಬಸ್ ಯಾವಾಗ ಅದನೋ ಏನೋ."

ಮುಂದಿನದು ನನಗೆ ಸರಿಯಾಗಿ ತಿಳಿಯಲೇ ಇಲ್ಲ. ಬೈಕು ಶುರುವಾದ ಸದ್ದು ಕೇಳಿತು. ಹೊರಗೆ ಬಂದು ನೋಡಿದರೆ ಕಾಕಾನೂ ಇಲ್ಲ, ಮುದುಕರೂ ಇಲ್ಲ. ಅಂಗಡಿಯವರು ಕೊಟ್ಟ ಕುರಿರೋಗದ ಪುಸ್ತಕವನ್ನು ನಾನು ಎರಡು ಸಲ ಓದಿ ಮುಗಿಸಿದೆ.

ಕಾಕಾ ತಿರುಗಿ ಬಂದಾಗ ಬಿಸಿಲು ಇಳಿದಿತ್ತು. ಅಂಗಿಯ ತುಂಬ ಉಣ್ಣೆ, ಮೊಣಕಾಲಿಗೆ ಕೆಸರು. ಬೈಯಬೇಕೆಂದು ಬಾಯಿ ತೆರೆದೆ. ಅವನು ಬಾಕಿನ ಮೇಲೆ ಕುಳಿತು ಅಂಗಿಯ ಉಣ್ಣೆ ಆರಿಸತೊಡಗಿದ.

"ಯಜಮಾನ್ರು ಸೂಜಿ ಚುಚ್ಚಬೇಕಂದ್ರ ಕುರಿ ಹಿಡ್ಕೊಳ್ಳಾಕ ಯಾರೂ ಇರಲಿಲ್ಲವಾ. ನಾ ಹಿಡ್ಕೊಂಡೆ" ಎಂದ. ಆಮೇಲೆ ಹೇಳಿದ: "ಇಷ್ಟ ವರ್ಷ 'ಅದ', 'ಇಲ್ಲ' ಅಂತ ತೋರಿಸಿದೆ. ಹಂಗ ತೋರಿಸಿದ ಮ್ಯಾಲ ಏನಾಗ್ತದಂತ ಒಮ್ಮೆರೆ ನೋಡಿರಲಿಲ್ಲ. ಒಂದ ಮರಿ ನನ್ನ ತೊಡಿ ಮ್ಯಾಲ ಮಲಗಿತ್ತು. ಎದ್ದು ನಿಲ್ಲತದೋ ಇಲ್ಲೋ ಅಂತ ಕುಂತೆ. ನಿಂತಿತವಾ. ತಾಯಿ ಕಡಿ ಹೋತು."

ಸೊಲ್ಲಾಪುರಕ್ಕೆ ತಿರುಗಿ ಹೊರಟೆವು. ಕಾಕಾನ ಬೆನ್ನಿನಿಂದ ಕುರಿಯ ವಾಸನೆ ದಾರಿಯುದ್ದಕ್ಕೂ ಹೊಡೆಯುತ್ತಿತ್ತು. ನಾನು ಮೂಗು ಮುಚ್ಚಿಕೊಳ್ಳಲಿಲ್ಲ.