ನಮ್ಮ ಮಲಗುವ ಕೋಣೆ ಒಂದು ರಾತ್ರಿ ಹೋಟೆಲಾದದ್ದು

ನನ್ನ ಗಂಡ ವೆರ್ನರ್ ತೀರಿಕೊಂಡದ್ದು ಶನಿವಾರ ಮಧ್ಯಾಹ್ನ. ಈ ಕಥೆ ಶುರುವಾಗುವುದು ಶುಕ್ರವಾರ ಬೆಳಿಗ್ಗೆ. ನಡುವೆ ನಗು ಬಂದರೆ ನಗಿ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಆ ಶನಿವಾರ ಬೆಳಿಗ್ಗೆ ಊರಿಗೆ ಊರೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

ಶುಕ್ರವಾರ ಎಂದಿನಂತೆ ಐದಕ್ಕೆ ಎದ್ದೆ. ಮೆಟ್ಟಿಲು ತೊಳೆದೆ. ಕಪ್ಪು ಬ್ರೆಡ್ಡು ಕೊಯ್ದೆ. ಎಂಟಕ್ಕೆ ವೆರ್ನರ್ ಎದ್ದು ಬಂದ. ಒಂದು ಕಾಲಿಗೆ ನೀಲಿ ಕಾಲುಚೀಲ, ಇನ್ನೊಂದಕ್ಕೆ ಬೂದು. ಕಾಫಿ ಬಿಸಿ ಇದೆಯಾ ಅಂದ, ಇದೆ ಅಂದೆ. ಮಳೆ ಬರುತ್ತಾ ಅಂದ, ಬರಲ್ಲ ಅಂದೆ. ನಮ್ಮ ದಿನಗಳೆಲ್ಲ ಹಾಗೆಯೇ ಶುರುವಾಗುತ್ತಿದ್ದವು.

ಆಮೇಲೆ ನಾನು ಮರದ ಸೌಟು ಎತ್ತಿ ಹಿಡಿದು ಘೋಷಣೆ ಮಾಡಿದೆ.

"ಕೇಳು ಮುದುಕ! ಇವತ್ತು ಸಂಜೆಯೊಳಗೆ ನಮ್ಮ ಮಲಗೋ ಕೋಣೆ ಹೋಟೆಲ್ ಕೋಣೆ ಆಗುತ್ತೆ. ಐದು ನಕ್ಷತ್ರ! ಬೇಕಿದ್ದರೆ ಆರು!"

"ನನಗೆ ನಕ್ಷತ್ರ ಬೇಡ ಕಣೇ ತೋವೆ," ಅಂದ. "ನಾನು ಕೇಳಿದ್ದು ಬೇರೆ."

"ನೀನು ಕೇಳಿದ್ದು ಹೋಟೆಲು. ಕೊಡ್ತೀನಿ, ಸುಮ್ಮನೆ ತಿನ್ನು."

ಅವನು ಕೇಳಿದ್ದು ಏನೆಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಅವನು ಕೊಲ್ಲಿ ದಾಟಿಸುವ ದೋಣಿಯಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದ, ಯಾವಾಗಲೂ ಕೊನೆಯ ಪಾಳಿ. ನಾನು ಕಡಲ ದಂಡೆಯ ಹೋಟೆಲಿನಲ್ಲಿ ಹಾಸಿಗೆ ಹಾಸುವವಳು, ಮೂವತ್ತೊಂದು ವರ್ಷ. ಅವನು ಬಂದು ಮಲಗುವಾಗ ನನಗೆ ನಿದ್ದೆ, ನಾನು ಎದ್ದು ಹೋಗುವಾಗ ಅವನಿಗೆ ನಿದ್ದೆ. ಮಂಚ ಒಂದೇ, ಆದರೆ ಭೇಟಿ ಭಾನುವಾರ ಮಾತ್ರ. ಭಾನುವಾರವೂ ನಾನು ಐದಕ್ಕೇ ಏಳುತ್ತಿದ್ದೆ. ಇಬ್ಬರೂ ಕೆಲಸ ಬಿಟ್ಟ ಮೇಲೂ ಐದಕ್ಕೇ ಎದ್ದೆ. ನನ್ನ ಕಾಲು ಹಾಗೆ. ಬೆಳಕು ಬಿದ್ದರೆ ನೆಲ ಹುಡುಕುತ್ತದೆ.

"ಒಂದೇ ಒಂದು ಸಲ ಹೋಟೆಲಿಗೆ ಹೋಗೋಣ," ಅನ್ನುತ್ತಿದ್ದ ವರ್ಷಕ್ಕೊಮ್ಮೆ. "ಅಲ್ಲಿ ನಿನಗೆ ತೊಳೆಯೋಕೆ ಒರೆಸೋಕೆ ಏನೂ ಇರಲ್ಲ. ಬೆಳಗಾಗೋ ತನಕ ನನ್ನ ಪಕ್ಕ ಬಿದ್ದಿರಬೇಕಾಗುತ್ತೆ. ನಾನು ಎದ್ದಾಗ ನೀನು ಅಲ್ಲೇ ಇರ್ತೀಯ."

"ಇದ್ದು ಏನು ಮಾಡಲಿ? ಹಾಸಿಗೆ ಯಾರೋ ಸೊಟ್ಟ ಹಾಸಿರ್ತಾರೆ. ನಾನೇ ಎದ್ದು ಸರಿ ಮಾಡಬೇಕು."

ಚಳಿಗಾಲದಲ್ಲಿ ಅವನ ಹೃದಯ ಎರಡು ಸಲ ಕೈಕೊಟ್ಟಿತು. ಆಗ ಹೆದರಿ ಮಾತು ಕೊಟ್ಟೆ. ಮದುವೆಯಾಗಿ ಐವತ್ತು ವರ್ಷ ತುಂಬುವ ದಿನ ಹೋಟೆಲಿನಲ್ಲೇ ಬೆಳಗು, ಆಯಿತಾ?

ಮಾತು ಕೊಟ್ಟದ್ದು ಪಕ್ಕದ ಮನೆ ಡಾಗ್ನಿಯ ಕಿವಿಗೆ ಬಿತ್ತು. ಸೊಂಟದ ಮೇಲೆ ಕೈಯಿಟ್ಟು ಬಂದಳು.

"ಐವತ್ತನೇ ವರ್ಷದ ಬೆಳಿಗ್ಗೆ ಊರು ಬಿಟ್ಟು ಓಡಿ ಹೋಗ್ತೀರಾ? ಹಾಗಾದರೆ ನಾವು ಯಾರ ಬಾಗಿಲಲ್ಲಿ ಹಾಡಬೇಕು? ಹಸುಗಳಿಗೆ ಹಾಡೋದಾ?"

ಅವಳು ಹೇಳಿದ್ದು ನ್ಯಾಯವೇ. ನಮ್ಮ ಊರಲ್ಲಿ ಅಂಥ ದಿನ ನೆರೆಯವರು ಬಾಗಿಲಿಗೆ ಸ್ಪ್ರೂಸ್ ಮರದ ಕೊಂಬೆಯ ಹಸಿರು ಕಮಾನು ಕಟ್ಟುತ್ತಾರೆ. ಬೆಳಿಗ್ಗೆ ಏಳಕ್ಕೆ ಕಿಟಕಿಯ ಕೆಳಗೆ ನಿಂತು ಹಾಡುತ್ತಾರೆ, ತುತ್ತೂರಿ ಊದುತ್ತಾರೆ. ಗಂಡ ಹೆಂಡತಿ ನಿದ್ದೆಯಲ್ಲಿರಬೇಕು. ಹಾಡು ಕೇಳಿ ಎದ್ದು, ಮಲಗುವ ಬಟ್ಟೆಯಲ್ಲೇ ಕಣ್ಣುಜ್ಜುತ್ತಾ ಹೊರಗೆ ಬಂದು, "ಅಯ್ಯೋ, ನಮಗೆ ಗೊತ್ತೇ ಇರಲಿಲ್ಲ!" ಅನ್ನಬೇಕು. ಆಮೇಲೆ ಬಂದವರಿಗೆಲ್ಲ ಕಾಫಿ, ಬಿಸಿ ಬನ್ನು, ಒಂದೊಂದು ಗುಟುಕು ಕಹಿ ಮದ್ಯ.

ನಲವತ್ತು ಜನಕ್ಕೆ ಬನ್ನು ತಾನಾಗಿ ಬೇಯುತ್ತದೆಯೇ? ಇಲ್ಲ. ಹಾಗಾಗಿ ನಾಲ್ಕೂವರೆ ಐದಕ್ಕೆ ಕದ್ದು ಏಳಬೇಕು. ಬೇಯಿಸಿ, ಕಾಯಿಸಿ, ಮೇಜು ಹಾಸಿ, ತಲೆ ಬಾಚಿ, ತಿರುಗಿ ನೈಟಿ ಹಾಕಿಕೊಂಡು ಹಾಸಿಗೆಗೆ ಹೋಗಿ ನಿದ್ದೆ ಬಂದವರಂತೆ ಬಿದ್ದುಕೊಳ್ಳಬೇಕು. ಎಲ್ಲರೂ ಹಾಗೇ ಮಾಡುತ್ತಾರೆ, ಎಲ್ಲರಿಗೂ ಅದು ಗೊತ್ತು. ನಿಜವಾಗಿ ನಿದ್ದೆ ಮಾಡಿದವರು ನಮ್ಮ ಊರಲ್ಲಿ ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ.

ಹಾಗಾಗಿ ನಾವು ಹೋಟೆಲಿಗೆ ಹೋಗುವ ಹಾಗಿರಲಿಲ್ಲ. ಹೋಟೆಲೇ ನಮ್ಮಲ್ಲಿಗೆ ಬರಬೇಕು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಹಾಸಿಗೆ ಹಾಸುವ ವಿದ್ಯೆಗೆ ಪದವಿ ಕೊಡುವುದಿದ್ದರೆ ನನಗೆ ಎರಡು ಕೊಡಬೇಕಿತ್ತು!

ಮೊದಲು ಕಿಟಕಿ. ಜೂನ್ ತಿಂಗಳು, ನಮ್ಮಲ್ಲಿ ಹತ್ತರವರೆಗೂ ಬೆಳಕು, ನಾಲ್ಕೂವರೆಗೆ ಮತ್ತೆ ಬೆಳಕು. ಒಳ್ಳೆಯ ಹೋಟೆಲಿನಲ್ಲಿ ಕತ್ತಲೆ ಇರಬೇಕು. ವೆರ್ನರನ ಶೆಡ್ಡಿನಿಂದ ಹಳೆಯ ದೋಣಿಯ ಟಾರ್ಪಾಲು ಎಳೆದು ತಂದು ಕಿಟಕಿಗೆ ಮೊಳೆ ಹೊಡೆದೆ. ಹಗಲು ಹನ್ನೊಂದಕ್ಕೇ ಕೋಣೆ ಬಾವಿಯಾಯಿತು.

"ಡೀಸೆಲ್ ವಾಸನೆ ಬರ್ತಿದೆ," ಅಂದ ವೆರ್ನರ್.

"ಅದು ಸಮುದ್ರದ ವಾಸನೆ. ಜನ ಅದಕ್ಕೇ ಬರ್ತಾರೆ."

ಆಮೇಲೆ ರಜಾಯಿ. ನಮ್ಮಲ್ಲಿ ಗಂಡನಿಗೊಂದು ಹೆಂಡತಿಗೊಂದು ರಜಾಯಿ. ಅದಕ್ಕೇ ನಮ್ಮ ಮದುವೆಗಳು ಬಾಳುವುದು ಅನ್ನುತ್ತಾರೆ. ಆದರೆ ಹೋಟೆಲಿನಲ್ಲಿ ಪರದೇಶದವರ ಕೋಣೆಗೆ ನಾನು ಹಾಸುತ್ತಿದ್ದದ್ದು ಒಂದೇ ದೊಡ್ಡ ರಜಾಯಿ, ಮದುಮಕ್ಕಳಿಗೆ ಹೊದೆಸುವಂಥದ್ದು. ನಮ್ಮ ಎರಡನ್ನೂ ಸೇರಿಸಿ ಹಾಯಿ ಹೊಲಿಯುವ ದಾರದಿಂದ ಒಂದು ಮಾಡಿದೆ. ಮೇಲೆ ಬಿಳಿ ಚಾದರ ಹಾಸಿ ಅದನ್ನೂ ರಜಾಯಿಗೆ ಸೇರಿಸಿ ಹೊಲಿದೆ. ಆಮೇಲೆ ಮೂರು ಕಡೆಯೂ ಹಾಸಿಗೆಯ ಅಡಿಗೆ ತುರುಕಿದೆ. ಮೊಣಕಾಲೂರಿ ಎಳೆದೆ. ಮೇಲೆ ಚಮಚ ಬೀಳಿಸಿದರೆ ಅದು ಪುಟಿದು ಗೋಡೆಗೆ ಹೋಗಿ ಬಡಿಯಿತು!

ಟವೆಲಿನಲ್ಲಿ ಹಂಸ ಮಾಡಿ ಕಾಲಿನ ಕಡೆ ಕೂರಿಸಿದೆ.

"ಪಾಪ," ಅಂದ ವೆರ್ನರ್. "ಇದು ಏನಾಗಿ ಸತ್ತಿತು?"

"ಹೋಗಿ ಏನಾದರೂ ಕೆಲಸ ಮಾಡು!"

ಹೋದ. ಹಲಗೆಯೊಂದಕ್ಕೆ ಬಡಗಿ ಪೆನ್ಸಿಲಿನಲ್ಲಿ "ಅತಿಥಿಗಳು ಮಲಗಿದ್ದಾರೆ. ತೊಂದರೆ ಕೊಡಬಾರದು" ಎಂದು ದೊಡ್ಡದಾಗಿ ಬರೆದು ಕೋಣೆಯ ಬಾಗಿಲಿಗೆ ತೂಗುಹಾಕಿದ. ಎರಡು ಸಲ ಹಿಂದೆ ಸರಿದು ನೋಡಿ ಸೊಟ್ಟಗಿದ್ದದ್ದನ್ನು ನೆಟ್ಟಗೆ ಮಾಡಿದ.

ಸಂಜೆ ಡಾಗ್ನಿಯ ಗಂಡ ಐನಾರ್ ಮತ್ತು ಇತರರು ಬಂದು ಬಾಗಿಲಿಗೆ ಕಮಾನು ಕಟ್ಟಿದರು. ನಾವು ಒಳಗೆ ಕೂತು, ಗೋಡೆ ಅದುರುವಂತೆ ಬೀಳುತ್ತಿದ್ದ ಸುತ್ತಿಗೆಯ ಏಟು ಕೇಳಿಸದವರಂತೆ ಆಲೂಗಡ್ಡೆ ತಿಂದೆವು. ಪದ್ಧತಿ ಎಂದರೆ ಪದ್ಧತಿ.

ಒಂಬತ್ತಕ್ಕೆ, ಹೊರಗೆ ಸೂರ್ಯ ಇರುವಾಗಲೇ, ಹೋಟೆಲಿಗೆ ಹೋದೆವು. ತೊಂದರೆ ಗೊತ್ತಾದದ್ದು ಆಗ. ರಜಾಯಿಯೊಳಗೆ ಹೋಗಲು ದಾರಿಯೇ ಇಲ್ಲ! ದಿಂಬಿನ ಕಡೆಯಿಂದ ಲಕೋಟೆಯೊಳಗೆ ಕಾಗದ ತೂರಿಸಿದ ಹಾಗೆ ತೂರಿಕೊಂಡೆವು. ಮೊದಲು ನಾನು, ಆಮೇಲೆ ಅವನು, ಉಸಿರು ಬಿಡುತ್ತಾ.

"ಕೈ ಹೊರಗೆ ಇಡಬಹುದಾ, ಮೇಡಂ?"

"ಒಂದು ಕೈ."

"ಇನ್ನೊಂದು?"

ಇನ್ನೊಂದರಿಂದ ಅವನು ನನ್ನ ಕೈ ಹಿಡಿದುಕೊಂಡಿದ್ದ. ನಾನು ಎಳೆದುಕೊಳ್ಳಲಿಲ್ಲ. ಎಳೆದುಕೊಳ್ಳಲು ಜಾಗವೂ ಇರಲಿಲ್ಲ.

"ಬೆಳಿಗ್ಗೆ ಎಷ್ಟಕ್ಕೆ ಏಳ್ತೀಯ?" ಅಂದ.

"ನಾಲ್ಕೂವರೆಗೆ. ಬನ್ನು ಬೇಯಿಸಬೇಡವಾ?"

ಅಲಾರಾಂ ಇಡು ಅಂತ ಅವನು ಅನ್ನಲಿಲ್ಲ. ಅಲಾರಾಂ ನಮ್ಮ ಮನೆಯಲ್ಲಿ ಇರಲೇ ಇಲ್ಲ. ಬೆಳಕೇ ನನ್ನ ಅಲಾರಾಂ. ಆ ಬೆಳಕಿಗೆ ನಾನೇ ನನ್ನ ಕೈಯಾರೆ ಹದಿನಾರು ಮೊಳೆ ಹೊಡೆದಿದ್ದೆ!

ಮುಂದಿನದು ಡಾಗ್ನಿ ಆಮೇಲೆ ಹೇಳಿದ್ದು. ಏಳಕ್ಕೆ ನಲವತ್ತು ಜನ ಬಂದು ನಿಂತರು. ಒಂದು ಹಾಡು ಹಾಡಿದರು. ಎರಡು. ಮೂರು. ಮೂರನೆಯದಕ್ಕೆ ಬಾಗಿಲು ತೆರೆಯುವುದು ವಾಡಿಕೆ.

"ಭಾರೀ ನಟನೆ ಮಾಡ್ತಿದಾರಪ್ಪ," ಅಂದನಂತೆ ಐನಾರ್, ತುತ್ತೂರಿ ಒರೆಸಿಕೊಳ್ಳುತ್ತಾ. ನಾಲ್ಕನೆಯದು ಹಾಡಿದರು. ಮೊದಲನೆಯದನ್ನೇ ಮತ್ತೊಂದು ಸಲ ಹಾಡಿದರು. ಆಗ ಡಾಗ್ನಿ ಅಡುಗೆಮನೆಯ ಕಿಟಕಿಗೆ ಮೂಗು ಒತ್ತಿ ನೋಡಿದಳು.

"ಕಾಫಿ ಇಲ್ಲ!"

"ಏನಂದೆ?"

"ಒಲೆ ತಣ್ಣಗಿದೆ. ಕಪ್ಪು ಜೋಡಿಸಿಲ್ಲ. ತೋವೆ ಮನೇಲಿ ಏಳು ಗಂಟೆಗೆ ಕಾಫಿ ಇಲ್ಲ ಅಂದರೆ... ಅಯ್ಯೋ ದೇವರೇ, ಇಬ್ಬರೂ ಹೋಗಿಬಿಟ್ಟಿದಾರೆ!"

ಗಂಡಸರು ಟೋಪಿ ತೆಗೆದರಂತೆ. ನಮ್ಮ ಬಾಗಿಲಿಗೆ ಯಾವತ್ತೂ ಚಿಲಕವಿಲ್ಲ. ಎಲ್ಲರೂ ತುದಿಗಾಲಲ್ಲಿ ಒಳಗೆ ಬಂದರು, ಕೋಣೆಯವರೆಗೆ ಬಂದರು, ಹಲಗೆ ಓದಿದರು. ಓದಿ ನಿಂತುಬಿಟ್ಟರು! ನಮ್ಮ ಜನ ಬರೆದಿಟ್ಟದ್ದನ್ನು ಮೀರುವವರಲ್ಲ. ಒಳಗೆ ಎರಡು ಹೆಣ ಇದೆಯೆಂದು ಅಳುತ್ತಿದ್ದಾರೆ, ಆದರೆ ತೊಂದರೆ ಕೊಡಬಾರದಲ್ಲ!

ನನಗೆ ಎಚ್ಚರವಾದದ್ದು ಆ ಪಿಸುಮಾತಿಗೆ.

"ತೊಂದರೆ ಕೊಡಬಾರದು ಅಂತ ಬರೆದಿದೆಯಲ್ಲ."

"ಸತ್ತವರಿಗೆ ಏನ್ ತೊಂದರೆ ಐನಾರ್?"

"ಸಾಯೋಕೆ ಮುಂಚೆ ಬರೆದದ್ದು ತಾನೇ? ಅದು ಅವರ ಇಷ್ಟ."

ಕಣ್ಣು ಬಿಟ್ಟೆ. ಕತ್ತಲೆ. ಏಳಲು ಹೋದೆ. ಆಗಲಿಲ್ಲ. ಕಾಲು ಎತ್ತಿದರೆ ವೆರ್ನರನ ಕಾಲೂ ಬಂತು. ನಾನು ಹೊರಳಿದರೆ ಅವನೂ ಹೊರಳಿದ.

"ವೆರ್ನರ್! ಎಷ್ಟು ಗಂಟೆ?"

"ಏಳೂ ಇಪ್ಪತ್ತಿರಬೇಕು," ಅಂದ, ಬಹಳ ನೆಮ್ಮದಿಯಿಂದ.

"ನಿನಗೆ ಎಚ್ಚರ ಇತ್ತಾ?"

"ಐದೂವರೆಯಿಂದ."

"ಎಬ್ಬಿಸೋಕೆ ಏನಾಗಿತ್ತು ನಿನಗೆ! ಹಾಡು ಕೇಳಲಿಲ್ವಾ?"

"ಕೇಳಿದೆ. ಚೆನ್ನಾಗಿ ಹಾಡಿದರು. ನೀನು ಗೊರಕೆ ಹೊಡೀತೀಯ ಕಣೇ ತೋವೆ. ಐವತ್ತು ವರ್ಷಕ್ಕೆ ಗೊತ್ತಾಯ್ತು. ಸಣ್ಣಗೆ, ದೂರದಲ್ಲಿ ದೋಣಿ ಬಂದ ಹಾಗೆ."

ನಾನು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಡಾಗ್ನಿ ಬಾಗಿಲು ತಳ್ಳಿದಳು. ಬೆಳಕು ಒಳಗೆ ಬಿತ್ತು. ನಲವತ್ತು ತಲೆ ಬಾಗಿಲಲ್ಲಿ. ಹಾಸಿಗೆಯಲ್ಲಿ ಎರಡು ತಲೆ ಮಾತ್ರ ಹೊರಗೆ, ಮಿಕ್ಕದ್ದೆಲ್ಲ ಹೊಲಿದದ್ದು. ಕಾಲಿನ ಕಡೆ ಸತ್ತ ಹಂಸ.

ಗಂಡಸರ ಟೋಪಿ ಇನ್ನೂ ಕೈಯಲ್ಲೇ ಇತ್ತು.

ವೆರ್ನರ್ ಮಲಗಿದಲ್ಲಿಂದಲೇ, "ಅಯ್ಯೋ, ನಮಗೆ ಗೊತ್ತೇ ಇರಲಿಲ್ಲ!" ಅಂದ.

ನಗು ಅಂದರೆ ಅದು. ಐನಾರ್ ಗೋಡೆ ಹಿಡಿದುಕೊಂಡ. ವೆರ್ನರ್ ನಕ್ಕಾಗ ರಜಾಯಿ ಕುಣಿಯಿತು, ರಜಾಯಿ ಕುಣಿದಾಗ ನಾನೂ ಕುಣಿದೆ. ಡಾಗ್ನಿ ಕಣ್ಣೊರೆಸಿಕೊಂಡು ನನ್ನದೇ ಕತ್ತರಿಯಿಂದ ಹಾಯಿಯ ದಾರ ಕತ್ತರಿಸಿ ನಮ್ಮನ್ನು ಬಿಡಿಸಿದಳು. "ಊರಲ್ಲಿ ಮೊದಲನೇ ಸಲ ನಿಜವಾಗಿ ಮಲಗಿದವರು!" ಎಂದು ಐನಾರ್ ತುತ್ತೂರಿ ಊದಿದ, ಕೋಣೆಯೊಳಗೇ. ನಾನು ತಲೆ ಕೆದರಿಕೊಂಡು ನೈಟಿಯಲ್ಲಿ ನನ್ನದೇ ಅಡುಗೆಮನೆಯಲ್ಲಿ ಕೂತೆ. ಬೇರೆಯವರು ನನ್ನ ಒಲೆಯಲ್ಲಿ ಕಾಫಿ ಕಾಯಿಸಿದರು, ತಪ್ಪು ಪಾತ್ರೆಯಲ್ಲಿ. ಅವರ ಮನೆಗಳಿಂದ ಬ್ರೆಡ್ಡು ತಂದರು. ವೆರ್ನರ್ ಒಂದು ಗುಟುಕು ಕಹಿ ಮದ್ಯ ಕುಡಿದು ಎದ್ದು ನಿಂತು, "ನನ್ನ ಹೋಟೆಲು ಚೆನ್ನಾಗಿತ್ತು," ಅಂದ. ಭಾಷಣ ಅಷ್ಟೇ. ಅವನು ಮಾತಾಡುವವನಲ್ಲ.

ಹನ್ನೊಂದಕ್ಕೆ ಎಲ್ಲರೂ ಹೋದರು. ತೊಳೆಯುತ್ತೇವೆ ಅಂದರು, ನಾನು ಬಿಡಲಿಲ್ಲ. ನನ್ನ ಕಪ್ಪು ಬೇರೆಯವರು ತೊಳೆದರೆ ಹಿಡಿ ಮುರಿಯುತ್ತದೆ.

ವೆರ್ನರ್ ಸುಸ್ತಾಗಿದೆ ಅಂದ. ಮತ್ತೆ ಕೋಣೆಗೆ ಹೋದ. ಅಲ್ಲಿಂದ ಕೂಗಿದ.

"ತೋವೆ, ಬಾರೇ. ಇನ್ನೊಂದು ಗಳಿಗೆ ಮಲಗೋಣ."

"ನಲವತ್ತು ಕಪ್ಪು ಇದೆ ಇಲ್ಲಿ!"

"ಕಪ್ಪು ಎಲ್ಲಿ ಓಡಿ ಹೋಗುತ್ತೆ?"

"ನೀನು ಎಲ್ಲಿ ಓಡಿ ಹೋಗ್ತೀಯ? ಬರ್ತೀನಿ ಇರು."

ನಲವತ್ತನ್ನೂ ತೊಳೆದೆ. ಒರೆಸಿದೆ. ಜೋಡಿಸಿದೆ. ಮೇಜು ಒರೆಸಿದೆ. ಕೈ ಒರೆಸಿಕೊಂಡು ಹೋದೆ. ಅವನು ತನ್ನ ಕಡೆ ಮಲಗಿದ್ದ. ನನ್ನ ಕಡೆಯ ರಜಾಯಿ ಮಡಚಿ ಜಾಗ ಬಿಟ್ಟಿದ್ದ. ಡಾಕ್ಟರು ನಿದ್ದೆಯಲ್ಲೇ ಅಂದರು, ನೋವಿಲ್ಲ ಅಂದರು. ಇರಬಹುದು.

ಹಸಿರು ಕಮಾನಿನ ಅಡಿಯಿಂದಲೇ ಅವನನ್ನು ಹೊರಗೆ ತಂದರು. ಐನಾರ್ ಅದರ ಮೇಲಿದ್ದ ಚಿನ್ನದ ಬಣ್ಣದ ಐವತ್ತರ ಅಂಕಿಯನ್ನು ಬಿಚ್ಚಿಟ್ಟಿದ್ದ. ತುತ್ತೂರಿ ತಂದಿರಲಿಲ್ಲ.

ಈಗ ಟಾರ್ಪಾಲು ತೆಗೆದಿದ್ದೇನೆ. ಬೆಳಕು ಬೀಳುತ್ತದೆ, ಐದಕ್ಕೆ ಎಚ್ಚರವಾಗುತ್ತದೆ. ಆದರೆ ಏಳುವುದಿಲ್ಲ. ಬಿದ್ದುಕೊಂಡಿರುತ್ತೇನೆ. ದಿನಾ ಬೆಳಿಗ್ಗೆ ಮೊದಲು ಮಾಡುವ ಕೆಲಸ ಅದು. ಕೆಲಸವೇ ಅದು, ನಗಬೇಡಿ. ಮೂವತ್ತೊಂದು ವರ್ಷ ಹಾಸಿಗೆ ಹಾಸಿದ್ದೇನೆ, ಇಷ್ಟು ಕಷ್ಟದ ಕೆಲಸ ಮಾಡಿಲ್ಲ. ಕಾಲು ನೆಲ ಹುಡುಕುತ್ತದೆ. ಬೇಡ ಅನ್ನುತ್ತೇನೆ. ಮೆಟ್ಟಿಲು ತೊಳೆದಿಲ್ಲ ಅನ್ನುತ್ತದೆ. ಇರಲಿ ಅನ್ನುತ್ತೇನೆ. ಮೊದಲ ದಿನ ಮೂರು ನಿಮಿಷಕ್ಕೇ ಸೋತು ಎದ್ದುಬಿಟ್ಟೆ. ಏಳರವರೆಗೆ ಬಿದ್ದಿರಬೇಕೆಂದು ಆಸೆ, ಆಗುವುದಿಲ್ಲ.

ಇವತ್ತು ಐದೂ ಇಪ್ಪತ್ತರವರೆಗೆ ಇದ್ದೆ.