ಅತ್ತೆಯವರ ಅಶಕ್ತತಾ ಪರಿಶೀಲನೆ

ನಮ್ಮ ಡೆನ್ಮಾರ್ಕ್ ಸರ್ಕಾರದ್ದು ಘನವಾದ ನೀತಿ. ಮುದುಕರು ವೃದ್ಧಾಶ್ರಮ ಸೇರಬಾರದು, ಸ್ವಂತ ಮನೆಯಲ್ಲೇ, ಸಮುದಾಯದ ಮಡಿಲಲ್ಲೇ ಇರಬೇಕು. ಕೇಳಲು ಎಷ್ಟು ಇಂಪು. ನನ್ನ ಅತ್ತೆ ವಾಲ್ಬೋರ್ಗ್ ಅವರಿಗೆ ಎಂಬತ್ತೇಳು. ಅವರ ಪಾಲಿನ ಸಮುದಾಯವೆಂದರೆ ನಾನೊಬ್ಬನೇ. ಪ್ರತಿ ಶುಕ್ರವಾರ ಅವರ ಮನೆಯ ನೆಲ, ಕಿಟಕಿ, ಶೌಚಾಲಯ ಉಜ್ಜುವ ಸೌಭಾಗ್ಯ ಆರು ವರ್ಷಗಳಿಂದ ನನ್ನದು. (ನನಗೂ ಅರವತ್ತೆಂಟು ಎಂಬುದು ಯಾವ ನೀತಿಯಲ್ಲೂ ಬರೆದಿಲ್ಲ.)

ಕೊನೆಗೆ ನಗರಸಭೆಗೆ ಅರ್ಜಿ ಹಾಕಿದೆ. ಅತ್ತೆ ಎಷ್ಟು ಅಶಕ್ತರೆಂದು ನೋಡಲು ಅಧಿಕಾರಿಣಿ ಬರುತ್ತಾರೆ, ಬಳಿಕ ವಾರಕ್ಕೊಮ್ಮೆ ಸಹಾಯಕಿಯನ್ನು ಕಳಿಸುವ ವಿಚಾರ ಎಂದು ಉತ್ತರ ಬಂತು. ನನ್ನ ಶುಕ್ರವಾರಗಳು ನನಗೇ ಸಿಗುತ್ತವೆಂದು ಹಿಗ್ಗಿದೆ. ಹೆಂಡತಿ ಲಿಸ್ಬೆತ್ ತಣ್ಣೀರೆರಚಿದಳು.

"ರೀ, ಆಯಮ್ಮ ಬರೋದ್ರೊಳಗೆ ಅಮ್ಮನ ಮನೆ ಫಳಫಳ ಅನ್ನಬೇಕು."

"ಅಲ್ಲ ಕಣೇ, ಮನೆ ಗಲೀಜಾಗಿದ್ರೆ ತಾನೆ ಸಹಾಯ ಕೊಡೋದು?"

"ಗಲೀಜು ತೋರಿಸಿ ಅಮ್ಮನ ಮರ್ಯಾದೆ ತೆಗೀತೀರಾ? ಪರದೆಗೆ ಇಸ್ತ್ರಿನೂ ಆಗ್ಬೇಕು."

ಸಹಾಯ ಕೇಳುವ ಮುನ್ನ ಸಹಾಯವೇ ಬೇಡವೆನ್ನುವಂತೆ ಮನೆ ತೊಳೆದಿಡುವುದು ನಮ್ಮವರ ಸಂಪ್ರದಾಯ. ಮೂರು ದಿನ ಉಜ್ಜಿದೆ. ಮೂರನೆಯ ದಿನ ಸೊಂಟ ಹಿಡಿದುಕೊಂಡಿತು. ಅಧಿಕಾರಿಣಿ ಹೆನ್ರಿಯೆಟ್ ಗಂಟೆ ಒತ್ತಿದಾಗ ಅರ್ಧ ಬಾಗಿದ ಭಂಗಿಯಲ್ಲೇ ಬಾಗಿಲು ತೆರೆದೆ.

ಅತ್ತೆ ಕೂದಲಿಗೆ ಸುರುಳಿ ಹಾಕಿಸಿ, ಮುತ್ತಿನ ಸರ ತೊಟ್ಟು, ಏಳು ಬಗೆಯ ಬಿಸ್ಕತ್ತು ಜೋಡಿಸಿಟ್ಟಿದ್ದರು.

"ತಗೊಳ್ಳಮ್ಮ, ಎಲ್ಲಾ ನಾನೇ ಮಾಡಿದ್ದು."

"ಮನೆ ಕನ್ನಡಿ ಥರ ಇದೆಯಲ್ಲಮ್ಮ. ಇದೂ ನೀವೇನಾ?"

ಅತ್ತೆ ನನ್ನ ಮುಖ ನೋಡಲಿಲ್ಲ. "ಮತ್ತಿನ್ಯಾರು ಮಾಡ್ತಾರೆ?"

ಸತ್ಯ ಹೇಳೋಣವೆಂದು ನೆಟ್ಟಗಾಗಲು ಹೋದೆ. ಸೊಂಟ ಛಳಕ್ಕೆಂದು, ಬಾಯಿಂದ ಬರಿಯ ನರಳಾಟ ಹೊರಟಿತು.

"ಪಾಪ, ಅಳಿಯಂದ್ರಿಗೆ ಬಟ್ಟಲು ಎತ್ತೋಕೂ ಆಗಲ್ಲ" ಎಂದು ಅತ್ತೆ ತಾವೇ ಕಾಫಿ ಕುಡಿಸಿದರು. ಹೆನ್ರಿಯೆಟ್ ಕನಿಕರದಿಂದ ಏನೋ ಬರೆದುಕೊಂಡರು.

ಎರಡು ವಾರಕ್ಕೆ ತೀರ್ಪು ಬಂತು. ವಾಲ್ಬೋರ್ಗ್ ಅವರಿಗೆ ಯಾವ ಸಹಾಯವೂ ಬೇಕಿಲ್ಲ, ಅವರು ಹಿರಿಯರಿಗೆಲ್ಲ ಮಾದರಿ. ಅಳಿಯನಿಗೆ ಮಾತ್ರ ಸಮುದಾಯದ ಆರೈಕೆ ತುರ್ತಾಗಿ ಬೇಕು. ಆದ್ದರಿಂದ ಸ್ವಯಂಸೇವಕಿಯೊಬ್ಬರು ಪ್ರತಿ ಶುಕ್ರವಾರ ಬರುತ್ತಾರೆ. ಅವರು ಕೆಲಸ ಮಾಡಿಕೊಡುವುದಿಲ್ಲ, ತನ್ನ ಕೆಲಸ ತಾನೇ ಮಾಡಿಕೊಳ್ಳುವುದನ್ನು ಅಶಕ್ತನಿಗೆ ಕಲಿಸುತ್ತಾರೆ. ಇದು ಸರ್ಕಾರದ ಹೊಸ ಧೋರಣೆಯಂತೆ.

ಶುಕ್ರವಾರ ನಮ್ಮ ಮನೆಯ ಬಾಗಿಲು ತೆರೆದರೆ ಹೊಸ್ತಿಲಲ್ಲಿ ಅತ್ತೆ! ಎದೆಯ ಮೇಲೆ ನಗರಸಭೆಯ ಸ್ವಯಂಸೇವಕಿ ಬಿಲ್ಲೆ.

"ಬಕೆಟ್ ಎಲ್ಲಿದೆ ಅಳಿಯಂದ್ರೇ? ಸೋಫಾ ಕೆಳಗಿಂದ ಶುರು ಮಾಡಿ, ನಾನು ಕೂತು ಹೇಳಿಕೊಡ್ತೀನಿ. ಇಲ್ಲಿ ಮುಗಿದ ಮೇಲೆ ನಮ್ಮನೆಗೆ ಹೋಗೋಣ. ಅಭ್ಯಾಸ ತಪ್ಪಬಾರ್ದು ನೋಡಿ."