ಕೋತಿ ಹಿಕ್ಕೆಗೆ ನಾನು ಕೈ ಹಾಕಿದ್ದು

ಮಕ್ಕಳೇ, ಸಗಣಿ ಬಾಚುವುದರಲ್ಲಿ ನಿಮ್ಮಜ್ಜಿಗೆ ಅರವತ್ತು ವರ್ಷದ ಅನುಭವ. ಹಾಗಿರುವಾಗ ನಾಲ್ಕು ಉಂಡೆ ಕೋತಿ ಹಿಕ್ಕೆ ಎತ್ತುವುದು ಯಾವ ಮಹಾವಿದ್ಯೆ ಎಂದುಕೊಂಡೆ!

ನಮ್ಮ ಹೊನ್ನೂರಿಗೆ ಮೈಸೂರಿನಿಂದ ಓದುವ ಹುಡುಗಿಯೊಬ್ಬಳು ಬಂದಿದ್ದಳು. ಕೋತಿಯನ್ನು ಹಿಡಿಯದೆ, ಮುಟ್ಟದೆ, ಬರೀ ಹಿಕ್ಕೆಯಿಂದಲೇ ಅದರ ವಂಶ ಕಂಡುಹಿಡಿಯುತ್ತಾಳಂತೆ. ಹಿಕ್ಕೆ ತಂದುಕೊಟ್ಟವರ ಹೆಸರನ್ನು ತನ್ನ ಪುಸ್ತಕದಲ್ಲಿ ಅಚ್ಚು ಹಾಕಿಸುತ್ತಾಳಂತೆ. ನನ್ನ ಹೆಸರು ಅಚ್ಚಾದದ್ದು ಲಗ್ನಪತ್ರಿಕೆಯಲ್ಲಿ ಒಂದೇ ಸಲ. ಅದೂ ನಿಮ್ಮ ತಾತನ ಹೆಸರಿನ ಕೆಳಗೆ, ಸಣ್ಣ ಅಕ್ಷರದಲ್ಲಿ!

ಹುಡುಗಿ ಅಂಗಳದಲ್ಲಿ ಹಿಕ್ಕೆ ತೆಗೆಯುವ ಕ್ರಮ ತೋರಿಸಿದಾಗ ನಾನು ನಾಚಿಕೊಂಡು ಬಾಗಿಲ ಹಿಂದೆ ನಿಂತು ಬರೀ ಕೇಳಿಸಿಕೊಂಡೆ. ನನ್ನ ಓರಗಿತ್ತಿ ಪುಟ್ಟತಾಯಿ ಮುಂದೆ ಕೂತು ನೋಡಿದಳು. ಅವಳು ಯಾವಾಗಲೂ ಮುಂದೆಯೇ! ಹುಡುಗಿ ಮನೆಮನೆಗೆ ಹಂಚಿದ್ದ ಸೀಸೆಗಳಲ್ಲಿ ಮೊದಲ ದಿನವೇ ಐದನ್ನು ತುಂಬಿದಳು.

"ಪುಟ್ಟತಾಯಮ್ಮ, ನಿಮ್ಮಂಥೋರು ಸಿಗೋದೇ ಕಷ್ಟ" ಎಂದಳು ಹುಡುಗಿ.

ನನ್ನ ಹೊಟ್ಟೆಯೊಳಗೆ ಯಾರೋ ಒಣಮೆಣಸಿನಕಾಯಿ ಹುರಿದಂತಾಯಿತು.

ಮರುದಿನ ಎದ್ದವಳೇ ಅಭ್ಯಾಸದಂತೆ ಅಂಗಳ ಗುಡಿಸಿ ನೀರು ಹಾಕಿಬಿಟ್ಟೆ. ಬಿದ್ದಿದ್ದ ಹಿಕ್ಕೆಯೆಲ್ಲ ಚರಂಡಿಗೆ! ಹೊಸದು ಬೇಕಲ್ಲ ಎಂದು ಹಿತ್ತಿಲಲ್ಲಿ ಒಂದು ಚಿಪ್ಪು ಬಾಳೆಹಣ್ಣು ಇಟ್ಟೆ. ಕೋತಿಗಳು ಬಂದವು, ತಿಂದವು, ಸಾವಕಾಶವಾಗಿ ಗೋಡೆ ಹಾರಿ ಪುಟ್ಟತಾಯಿಯ ಹಿತ್ತಿಲಿನಲ್ಲಿ ಕೂತವು. ಉಂಡದ್ದು ನನ್ನ ಮನೆಯಲ್ಲಿ, ಋಣ ತೀರಿಸಿದ್ದು ಅವಳ ಮನೆಯಲ್ಲಿ!

"ನೋಡಕ್ಕ, ಕೋತಿಗೂ ನಮ್ಮಟ್ಟೀನೇ ಇಡುಸ್ತು!" ಎಂದಳು ಗೋಡೆಯಾಚೆಯಿಂದ.

"ಆಯ್ತು ಬುಡವ್ವ" ಎಂದೆ.

ಅವಳು ಅಂಗಡಿಗೆ ಹೋದದ್ದೇ ತಡ, ಗೋಡೆಯ ಸಂದಿಯಲ್ಲಿ ನುಸುಳಿದೆ. ಆಗತಾನೆ ಬೆರಣಿ ತಟ್ಟಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮೂರು ಸೀಸೆಗೆ ಹಿಕ್ಕೆ ತುಂಬಿ, ಬೆರಳಿನಿಂದ ಚೆನ್ನಾಗಿ ಅದುಮಿ, ಹುಡುಗಿಗೆ ಒಪ್ಪಿಸಿದೆ.

"ಅಜ್ಜಿ, ಗ್ಲೌಸ್ ಹಾಕ್ಕೊಂಡಿದ್ರಾ?"

ತಲೆಯಾಡಿಸಿದೆ. ಗ್ಲೌಸ್ ಎಂದರೇನೆಂದು ಕೇಳುವುದಕ್ಕೆ ನಾಚಿಕೆ!

ಕೆಲವು ತಿಂಗಳ ಮೇಲೆ ಹುಡುಗಿ ಫಲಿತಾಂಶ ತಂದಳು. ಪುಟ್ಟತಾಯಿಯ ಸೀಸೆಗಳಲ್ಲಿ ತಾಯಿಕೋತಿ, ಮರಿಕೋತಿ, ಚಿಕ್ಕಮ್ಮಕೋತಿ ಎಲ್ಲವೂ ಸಿಕ್ಕಿದ್ದವಂತೆ.

"ಅಜ್ಜಿ, ನಿಮ್ಮ ಸೀಸೇಲಿ ಕೋತಿ ಸರಿಯಾಗಿ ಸಿಗಲೇ ಇಲ್ಲ. ಒಂದು ಹಸು ಸಿಕ್ತು. ಜೊತೆಗೆ ಒಬ್ಬ ಹೆಂಗಸು."

"ಅದ್ಯಾರವ್ವ?" ಎಂದೆ.

ಹುಡುಗಿ ಮೆಲ್ಲಗೆ ನನ್ನ ಬೆರಳುಗಳನ್ನು ನೋಡಿದಳು. ಪುಟ್ಟತಾಯಿ ನಗು ತಡೆಯಲಾರದೆ ಜಗಲಿಯ ಕಂಬ ಹಿಡಿದುಕೊಂಡಳು.

"ಇನ್ಯಾರು ಕಣಕ್ಕ, ನೀನೇಯ!"

ಪುಸ್ತಕ ಬಂತು. ಪುಟ್ಟತಾಯಿಯ ಹೆಸರು ಅದರಲ್ಲಿದೆ, ನನ್ನದನ್ನು ಹುಡುಕಬೇಡಿ. ಕೋತಿಯ ವಂಶ ಹುಡುಕಲು ಬಂದವಳ ಕೈಗೆ ನಾನು ಕೊಟ್ಟದ್ದು ನಮ್ಮ ವಂಶ, ಮಕ್ಕಳೇ. ಕೆಲಸಕ್ಕೆ ಬಾರದ್ದೆಂದು ಎಸೆದರಂತೆ!